ಹರಿಹರದಿಂದ ತಂದ ನೀಲಿ ಗಪ್ಪಿ

ಮೀನು ತಿನ್ನುವವರ ಮನೆಯಲ್ಲಿ ಮೀನಿನ ಮೇಲೆ ಜಗಳವಾದರೆ ಅದು ಊಟದ ಹೊತ್ತಿಗೆ ಮುಗಿದುಹೋಗುತ್ತದೆ. ಜಗಳಕ್ಕೆ ಕಾರಣವಾದದ್ದೇ ಹೊಟ್ಟೆ ಸೇರಿರುತ್ತದೆ. ನಮ್ಮಂತೆ ಮೊಟ್ಟೆಯನ್ನೂ ಮುಟ್ಟದವರ ಮನೆಯೊಳಗೆ ಮೀನು ಬಂದರೆ ಹಾಗಲ್ಲ. ಅದು ತಿಂಗಳುಗಟ್ಟಲೆ ಕಣ್ಣೆದುರಿಗೇ ಈಜಾಡುತ್ತಿರುತ್ತದೆ, ಜಗಳವೂ ಅದರ ಜೊತೆಗೇ ಈಜಾಡುತ್ತಿರುತ್ತದೆ. ನನಗೆ ರಕ್ತದೊತ್ತಡ ಶುರುವಾದಾಗ "ದಿನಾ ಸ್ವಲ್ಪ ಹೊತ್ತು ಮೀನು ನೋಡ್ರಿ ಮೇಷ್ಟ್ರೆ, ಮನಸ್ಸು ತಣ್ಣಗಾಗ್ತದೆ" ಎಂದ ಡಾಕ್ಟರಿಗೆ ಈ ಸಂಗತಿ ಗೊತ್ತಿರಲಿಲ್ಲ. ಅವರು ತಿನ್ನುವ ಪೈಕಿಯವರಿರಬೇಕು.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಮನೆಗೆ ಗಾಜಿನ ತೊಟ್ಟಿ ಬಂದ ದಿನ ನಮ್ಮವ್ವ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ನಮ್ಮನ್ಯಾಗೆ ಮೀನಾ? ಓಣಿಯೋರು ಏನಂದಾರು?" ಎಂದಳು. ಇವು ನೋಡುವುದಕ್ಕೆ ಮಾತ್ರ ಎಂದು ನಾನು ಸಮಾಧಾನ ಹೇಳಿದೆ. "ನೋಡಿ ನೋಡಿ ಆಸೆ ಹುಟ್ಟಿದ್ರೆ?" ಎಂಬುದು ಅವಳ ಮುಂದಿನ ಪ್ರಶ್ನೆ. ಕೊನೆಗೆ ತೊಟ್ಟಿ ಪಡಸಾಲೆಯಲ್ಲೇ ಇರತಕ್ಕದ್ದು, ಮೀನಿನ ನೀರು ಮುಟ್ಟಿದ ಕೈ ಅಡುಗೆಮನೆಯ ಯಾವ ಪಾತ್ರೆಯನ್ನೂ ಮುಟ್ಟಬಾರದು ಎಂಬ ಕರಾರಿನ ಮೇಲೆ ಒಪ್ಪಿಗೆ ಸಿಕ್ಕಿತು. ನನ್ನ ಹೆಂಡತಿ ಸುಮಂಗಲಾ ಮಾತ್ರ, ನಾನು ಟೀವಿ ಮುಂದಿನಿಂದ ಎದ್ದರೆ ಸಾಕು, ಮೊಸಳೆ ತಂದರೂ ಚಿಂತೆಯಿಲ್ಲ ಎಂಬ ಧಾಟಿಯಲ್ಲಿದ್ದಳು.

ನಾನು ತಂದದ್ದು ಗಪ್ಪಿ. ಹೆಬ್ಬೆರಳಿನಷ್ಟೂ ಉದ್ದವಿಲ್ಲದ ಮೀನು. ಅದರಲ್ಲಿ ಗಂಡಿಗೆ ಅರ್ಧ ಮೈ ಬಾಲವೇ. ಹೆಣ್ಣು ಬೂದು ಬಣ್ಣದ ಸಾದಾ ಜೀವ. ಸಿಂಗಾರವೆಲ್ಲ ಗಂಡಿನದು, ಕೆಲಸವೆಲ್ಲ ಹೆಣ್ಣಿನದು. ಮೊಟ್ಟೆ ಇಡುವುದಿಲ್ಲ, ತಿಂಗಳಿಗೊಮ್ಮೆ ಈಜುವ ಮರಿಗಳನ್ನೇ ಹಾಕುತ್ತದೆ. ಅಂಗಡಿಯವನು ಒಂದೊಂದೇ ತಳಿ ತೋರಿಸುತ್ತ ಹೋದ. ಮೈಮೇಲೆ ಹಾವಿನ ಪೊರೆಯಂಥ ಗೆರೆಗಳಿದ್ದರೆ ಅದು ಕೋಬ್ರಾ. ಸೊಂಟದಿಂದ ಕೆಳಗೆ ಕರಿ ಪ್ಯಾಂಟು ತೊಟ್ಟು ಆರತಕ್ಷತೆಗೆ ಹೊರಟಂತಿದ್ದರೆ ಟಕ್ಸಿಡೋ. ಎದೆಯ ರೆಕ್ಕೆಗಳು ಆನೆಕಿವಿಯಂತೆ ಅಗಲವಾಗಿದ್ದರೆ ಡಂಬೋ. ಬಾಲದ ತುಂಬ ಒಡೆದ ಕೆಂಪು ಬಳೆಚೂರು ಅಂಟಿಸಿದಂತಿದ್ದರೆ ರೆಡ್ ಮೊಸಾಯಿಕ್. ನಾನು ಎಲ್ಲದರಲ್ಲೂ ಒಂದೊಂದು ಜೋಡಿ ತಂದು ಒಂದೇ ತೊಟ್ಟಿಗೆ ಬಿಟ್ಟು, ಎರಡು ತಿಂಗಳು ಪರಮ ಸುಖದಿಂದಿದ್ದೆ. ಆಮೇಲೆ ಮೊಬೈಲಿನಲ್ಲಿ ಗಪ್ಪಿ ಸಾಕುವವರ ವೀಡಿಯೊಗಳನ್ನು ನೋಡಲು ಶುರುಮಾಡಿದೆ. ತಳಿಗಳು ಬೆರೆತರೆ ಮೂರನೆಯ ತಲೆಮಾರಿಗೆ ಬಣ್ಣವೆಲ್ಲ ಕಲಸಿಹೋಗಿ ಕುಲಗೆಡುತ್ತವೆ ಎಂದು ಅವರು ಹೇಳಿದ್ದೇ ತಡ, ನನ್ನ ಸುಖ ಹಾರಿಹೋಯಿತು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಹುಟ್ಟಿನಿಂದ ಯಾರೂ ಮೇಲಲ್ಲ, ಯಾರೂ ಕೀಳಲ್ಲ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ. ಆದರೆ ಮನೆಗೆ ಬಂದು ಚಪ್ಪಲಿ ಬಿಟ್ಟೊಡನೆ ಬೇರೆ ಮನುಷ್ಯನಾಗುತ್ತಿದ್ದೆ. ಕೋಬ್ರಾ ಗಂಡು ಮೊಸಾಯಿಕ್ ಹೆಣ್ಣಿನ ಪಕ್ಕದಲ್ಲಿ ಸುಮ್ಮನೆ ಹಾದುಹೋದರೂ ನನ್ನೆದೆ ಧಸಕ್ಕೆನ್ನುತ್ತಿತ್ತು. ಗಾಜು ಬಡಿದು ಗದರಿಸುತ್ತಿದ್ದೆ. ಡಾಕ್ಟರು ಬಿಪಿ ನೋಡಿ, "ಏನ್ರಿ ಇದು, ಏರೇತಲ್ಲ?" ಎಂದರು. ಕಡೆಗೆ ಮಿಕ್ಕ ತಳಿಗಳನ್ನೆಲ್ಲ ಕೇಳಿದವರಿಗೆ ಹಂಚಿ, ರೆಡ್ ಮೊಸಾಯಿಕ್ ಒಂದನ್ನೇ ಉಳಿಸಿಕೊಂಡೆ.

ಅಷ್ಟಕ್ಕೇ ನಿಲ್ಲುತ್ತಿದ್ದೆನೋ ಏನೋ. ಆದರೆ ಹರಿಹರದಲ್ಲಿ ನನ್ನ ಭಾವಮೈದುನ ವೀರೇಶ ಇದ್ದಾನೆ. ಸುಮಂಗಲಳ ಬೆನ್ನಿಗೆ ಹುಟ್ಟಿದವನು, ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ನನ್ನನ್ನು ನೋಡಿಯೇ ಅವನು ಗಪ್ಪಿ ಸಾಕತೊಡಗಿದ್ದು. ಸಾಕಿದವನು ನನ್ನನ್ನು ಹಿಂದೆ ಹಾಕಿಬಿಟ್ಟ. ಅವನ ಹತ್ತಿರ ಮಾಸ್ಕೋ ಬ್ಲೂ ಇತ್ತು. ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ನೀಲಿ, ಬರೆಯುವ ಶಾಯಿಯಲ್ಲಿ ಅದ್ದಿ ತೆಗೆದ ಹಾಗೆ. ನಾನು ಒಂದು ಜೋಡಿ ಕೇಳಿದೆ. ಅವನು ಹೆಣ್ಣು ಕೊಡುವ ತಂದೆಯಂತೆ ಬಹಳ ಹೊತ್ತು ಯೋಚಿಸಿ, "ಭಾವ, ಈ ಹೆಣ್ಣನ್ನ ಮರಿ ಇದ್ದಾಗಿಂದ ಬ್ಯಾರೆ ಇಟ್ಟು ಸಾಕೀನಿ. ಇನ್ನೂ ಗಂಡಿನ ಮುಖ ನೋಡಿಲ್ಲ. ಚೆನ್ನಾಗಿ ನೋಡ್ಕಳ್ರಿ" ಎಂದು ಒಂದು ಗಂಡನ್ನೂ ಸೇರಿಸಿ ಕವರಿನಲ್ಲಿ ಗಾಳಿ ತುಂಬಿ ಕಟ್ಟಿಕೊಟ್ಟ. ಬಸ್ಸಿನಲ್ಲಿ ದಾವಣಗೆರೆ ತನಕ ಕವರನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದಲ್ಲಿದ್ದ ಮಲೆಬೆನ್ನೂರಿನ ಹೆಂಗಸು ಅದನ್ನೇ ನೋಡುತ್ತ ಬಂದು, ಇಳಿಯುವಾಗ ಕನಿಕರದಿಂದ "ಇಷ್ಟ್ರಾಗೆ ಸಾರು ಹೆಂಗಾಗ್ತದ್ರಿ ಯಣ್ಣಾ?" ಎಂದಳು.

ಜೋಡಿಯನ್ನು ಮೊಸಾಯಿಕ್‌ಗಳ ತೊಟ್ಟಿಗೆ ಬಿಡದೆ ಬೇರೆಯೇ ಒಂದು ಬಕೆಟ್ಟಿನಲ್ಲಿಟ್ಟಿದ್ದೆ. ಬಂದ ವಾರದಲ್ಲೇ ಗಂಡು ಸತ್ತುಹೋಯಿತು. ನಾನು ಧೈರ್ಯಗೆಡಲಿಲ್ಲ. ಹೆಣ್ಣು ಗಪ್ಪಿ ಒಮ್ಮೆ ಕೂಡಿದರೆ ಗಂಡಿನ ಬೀಜವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು ಮರಿ ಹಾಕಬಲ್ಲದು ಎಂದು ವೀಡಿಯೊಗಳು ನನಗೆ ಕಲಿಸಿದ್ದವು. ಅದನ್ನು ಅಗಲ ಬಾಯಿಯ ಬಾಟಲಿಯೊಂದರಲ್ಲಿ ಬಿಟ್ಟು, ಮೊಸಾಯಿಕ್ ಗಂಡುಗಳ ನೆರಳೂ ಬೀಳದಂತೆ ಒಳಕೋಣೆಯ ಕಿಟಕಿಯಲ್ಲಿಟ್ಟು ಕಾದೆ. ಹೊಟ್ಟೆ ದುಂಡಗಾಯಿತು. ಒಂದು ಬೆಳಿಗ್ಗೆ ಸಾಸಿವೆಗೆ ಕಣ್ಣು ಬಂದಂತೆ ಮರಿಗಳು ಓಡಾಡುತ್ತಿದ್ದವು. ಸ್ಟಾಫ್ ರೂಮಿನಲ್ಲಿ ಪೇಡೆ ಹಂಚಿದೆ. ಯಾಕೆಂದು ಹೇಳಿದ ಮೇಲೆ ಕೆಲವರು ಅರ್ಧ ತಿಂದದ್ದನ್ನು ಹಾಗೇ ಇಟ್ಟರು. ಆಮೇಲೆ ಮರಿಗಳಿಗೆ ಬಣ್ಣ ಬರತೊಡಗಿತು. ಮೈ ನೀಲಿಯೇ, ಸರಿ. ಬಾಲದಲ್ಲಿ ಮಾತ್ರ ಕೆಂಪು ಚೂರುಗಳು!

ನಾನು ಆಗಿಂದಾಗಲೇ ವೀರೇಶನಿಗೆ ಫೋನು ಮಾಡಿದೆ. "ಗಂಡಿನ ಮುಖ ನೋಡಿಲ್ಲ ಅಂದಿದ್ದೆಯಲ್ಲಪ್ಪಾ, ನಿನ್ನ ಹೆಣ್ಣು ಎಲ್ಲೆಲ್ಲಿ ಓಡಾಡಿ ಬಂದಿತ್ತೋ ಯಾರಿಗೆ ಗೊತ್ತು?" ಎಂದೆ. "ಭಾವ, ಮಾತು ನೋಡಿ ಆಡ್ರಿ. ಅದು ನಮ್ಮನಿ ಮೀನು" ಎಂದು ಅವನು ಫೋನಿಟ್ಟ. ತಿರುಗಿ ನೋಡಿದರೆ ಸುಮಂಗಲಾ ಲಟ್ಟಣಿಗೆ ಹಿಡಿದು ನಿಂತಿದ್ದಾಳೆ. "ನಮ್ಮ ತವರುಮನಿ ಮೀನಿಗೆ ನಡತೆ ಸರಿ ಇಲ್ಲ ಅಂತೀರೇನ್ರಿ?" ಎಂದಳು. ನಾನು ಅನುವಂಶೀಯತೆಯ ಬಗ್ಗೆ ಏನೋ ಹೇಳಹೋದೆ. ಅವಳು ಕೇಳಲಿಲ್ಲ. ಅವತ್ತಿನಿಂದ ನನ್ನ ತಟ್ಟೆಗೆ ರೊಟ್ಟಿ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ವೀರೇಶ ಹರಿಹರದಲ್ಲಿ ಹೊಸ ಮನೆ ಕಟ್ಟಿಸಿದ್ದ. ನಮ್ಮಲ್ಲಿ ಗೃಹಪ್ರವೇಶಕ್ಕೆ ಅಕ್ಕ-ಭಾವನನ್ನು ಮನೆಗೆ ಬಂದು, ಕುಂಕುಮ ಕೊಟ್ಟು ಕರೆಯಬೇಕು. ಈ ಸಲ ಆಮಂತ್ರಣ ಸುಮಂಗಲಳ ವಾಟ್ಸಾಪಿಗೆ ಬಂತು. ನನ್ನ ಮೊಬೈಲಿಗೆ ಅದೂ ಇಲ್ಲ. ನಾನು ಹೊರಗೆ ಗಟ್ಟಿಯಾಗಿ "ಕರೀದಿದ್ರೆ ಬ್ಯಾಡ" ಎಂದುಬಿಟ್ಟೆ. ಒಳಗೆ ಮಾತ್ರ ಹೆದರಿಕೆಯಾಯಿತು. ಮದುವೆಯಾದಾಗಿನಿಂದ ಆ ಮನೆಯ ಯಾವ ಕಾರ್ಯವೂ ನಾನಿಲ್ಲದೆ ಆಗಿರಲಿಲ್ಲ. ಸುಮಂಗಲಾ ಗೋಡೆ ನೋಡಿಕೊಂಡು, "ನಾನು ಅತ್ತೀ ಜತೆ ಹೋಗಿ ಬರ್ತೀನಿ. ಕೆಲವರು ಮನ್ಯಾಗೆ ಮೀನು ನೋಡ್ಕಂತ ಇರ್ಲಿ" ಎಂದಳು.

ಆ ಭಾನುವಾರ ವೀರೇಶ ತಾನೇ ಬಂದ. ನನ್ನ ಮುಖ ನೋಡದೆ ನೇರವಾಗಿ ಬಾಟಲಿಯ ಹತ್ತಿರ ಹೋಗಿ, ಮೊಬೈಲಿನ ಟಾರ್ಚ್ ಹಾಕಿ ಒಂದೊಂದೇ ಮರಿಯ ಬಾಲ ನೋಡಿದ. ಪಡಸಾಲೆಗೆ ಬಂದು ನನ್ನ ಮೊಸಾಯಿಕ್ ಗಂಡುಗಳ ಬಾಲ ನೋಡಿದ. "ಭಾವ, ಈ ಕೆಂಪು ನಮ್ಮನೀದಲ್ಲ. ನಿಮ್ಮನೀದು" ಎಂದ. ಸಾಧ್ಯವೇ ಇಲ್ಲ, ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೇನೆ ಎಂದು ನಾನು ಕೂಗಿದೆ. ಅವನೂ ಕೂಗಿದ. ಸುಮಂಗಲಾ ಇಬ್ಬರ ನಡುವೆ ಮಂಡಕ್ಕಿಯ ತಟ್ಟೆಯನ್ನೂ ಚಹಾವನ್ನೂ ಕುಕ್ಕಿ ಇಟ್ಟಳು.

ಆಗ ಅವ್ವ ಮೂಲೆಯಿಂದ, "ಯಾಕ ಹಂಗೆ ಬಾಯಿ ಮಾಡ್ತೀರಿ? ಅದಕ್ಕೆ ಉಡಿಕಿ ಮಾಡಿದಾಕಿ ನಾನು" ಎಂದಳು.

ಉಡಿಕಿ ಎಂದರೆ ಗಂಡ ಸತ್ತವಳಿಗೆ ಮತ್ತೊಂದು ಸಂಬಂಧ ಕಟ್ಟುವುದು. ಅವ್ವ ಆರಾಮಾಗಿ ಮಂಡಕ್ಕಿಯಲ್ಲಿದ್ದ ಶೇಂಗಾ ಆರಿಸುತ್ತ ಹೇಳಿದಳು: "ಗಂಡ ಸತ್ತು ಇನ್ನೂ ನೀರು ಆರಿಲ್ಲ, ನೀನು ಅದನ್ನ ಬಾಟ್ಲ್ಯಾಗೆ ಹಾಕಿ ಒಳಗಿನ ಕ್ವಾಣ್ಯಾಗೆ ಇಟ್ಟಿ. ಪಾಪ, ಗ್ವಾಡಿ ಕಡೆ ಮುಖ ಮಾಡ್ಕಂಡು ನಿಂತೇ ಇರ್ತಿತ್ತು. ನಿಮ್ಮಪ್ಪ ಹೋದಾಗ ನನ್ನೂ ಅದೇ ಕ್ವಾಣ್ಯಾಗೆ ಕೂಡ್ಸಿದ್ರು. ಊಟ ಅಲ್ಲಿಗೇ ಬರ್ತಿತ್ತು, ಮಾತಾಡ್ಸೋರು ಯಾರೂ ಬರ್ತಿರಲಿಲ್ಲ. ನೀನು ಸಾಲಿಗೆ ಹೋದ ಮ್ಯಾಲೆ, ಪಡಸಾಲಿ ತೊಟ್ಟ್ಯಾಗಿಂದ ಒಂದು ಕೆಂಪು ಬಾಲದ್ದನ್ನ ಹಿಡಿದು ಅದರ ಜತಿಗೆ ಬಿಡ್ತಿದ್ದೆ. ನೀನು ಬರೋ ಹೊತ್ತಿಗೆ ತಿರುಗಿ ಅದರ ಜಾಗಕ್ಕೆ ಹಾಕ್ತಿದ್ದೆ. ದಿನಾ ಖುಷಿಲೆ ಓಡಾಡ್ತಿತ್ತಪ್ಪಾ."

ಸುಮಂಗಲಾ ಮೆಲ್ಲಗೆ, "ಅತ್ತೀ, ಮೀನು ಯಾವುದರಾಗೆ ಹಿಡೀತಿದ್ರಿ?" ಎಂದು ಕೇಳಿದಳು.

"ಚಾ ಸೋಸ್ತೀವಲ್ಲ, ಆ ಜಾಲರಿಲೆ."

ವೀರೇಶ ತುಟಿಯವರೆಗೆ ಒಯ್ದಿದ್ದ ಲೋಟವನ್ನು ಕೆಳಗಿಟ್ಟ. ಸುಮಂಗಲಾ ಬಾಯಿಗೆ ಸೆರಗು ಹಿಡಿದಳು. ಅದು ವಾಕರಿಕೆಯೋ ನಗುವೋ ಎಂದು ಮೊದಲು ತಿಳಿಯಲಿಲ್ಲ. ನಗುವೇ. ವಾರಗಟ್ಟಲೆ ಕಟ್ಟಿಕೊಂಡಿದ್ದು ಒಮ್ಮೆಲೇ ಒಡೆಯಿತು. ವೀರೇಶನೂ ಹೊಟ್ಟೆ ಹಿಡಿದುಕೊಂಡ. ನನಗೆ ಮಾತ್ರ ಅಷ್ಟು ಬೇಗ ನಗು ಬರಲಿಲ್ಲ. ವಿಧವೆಯರ ಪಾಡನ್ನು ಸುಧಾರಿಸಿದವರ ಪಾಠವನ್ನು ಪ್ರತಿ ವರ್ಷ ಹುಡುಗರಿಗೆ ಮಾಡುವವನು ನಾನು. ಅವ್ವ ಆ ಕೋಣೆಯಲ್ಲಿ ಕೂತಿದ್ದ ದಿನಗಳಲ್ಲಿ ಅವಳಿಗೆ ಹೇಗಿತ್ತು ಎಂದು ಒಮ್ಮೆಯೂ ಕೇಳಿರಲಿಲ್ಲ. ಅವಳ ಪಕ್ಕದಲ್ಲಿ ಹೋಗಿ ಕೂತೆ. ಅವಳು ಆರಿಸಿಟ್ಟ ಶೇಂಗಾವನ್ನೆಲ್ಲ ನನ್ನ ಕೈಗೆ ಹಾಕಿದಳು. ಆಮೇಲೆ ವೀರೇಶನ ಕಡೆ ತಿರುಗಿ, "ತಪ್ಪಾತಪ್ಪ, ನಿನ್ನ ಮೀನು ಸಾಧ್ವಿ" ಎಂದೆ. ಅವನು ಚೀಲದಿಂದ ಆಮಂತ್ರಣ ಪತ್ರಿಕೆ, ಕುಂಕುಮ ತೆಗೆದು ಕ್ರಮವಾಗಿ ಕರೆದ. ಬರುವಾಗಲೇ ತಂದಿದ್ದನಂತೆ, ಜಗಳ ಮುಗಿಯದೆ ತೆಗೆಯಬಾರದೆಂದು ಚೀಲದಲ್ಲೇ ಇಟ್ಟುಕೊಂಡಿದ್ದನಂತೆ.

ಹೊರಡುವ ಮುಂಚೆ ಅವನು ಮತ್ತೊಮ್ಮೆ ಬಾಟಲಿಯ ಮುಂದೆ ನಿಂತ. ಬಿಸಿಲು ಬಿದ್ದಿತ್ತು. ನೀಲಿ ಮೈಗೆ ಕೆಂಪು ಚೂರಿನ ಬಾಲ, ಅಂಥದ್ದನ್ನು ಯಾವ ವೀಡಿಯೊದಲ್ಲೂ ನಾನು ನೋಡಿರಲಿಲ್ಲ. "ಭಾವ, ಏನೇ ಅನ್ರಿ, ಭಾರಿ ಚಂದ ಅದಾವೆ. ಹೊಸ ಮನಿಗೆ ಒಂದು ಜೋಡಿ ಕೊಡ್ರಿ" ಎಂದ.

"ಗಂಡು ಎಷ್ಟು ಬೇಕಾದ್ರೂ ಒಯ್ಯಪ್ಪ" ಎಂದು ನಾನು ಬಾಟಲಿಯನ್ನು ನನ್ನ ಕಡೆಗೆ ಎಳೆದುಕೊಂಡೆ. "ಹೆಣ್ಣು ಕೊಡಾಕಾಗಲ್ಲ. ನಿಮ್ಮನ್ಯಾಗೆ ಆ ಮಾಸ್ಕೋಗಳ ಜೊತೆ ಬೆರೆತು ತಳಿ ಕೆಟ್ಟರೆ ಗತಿ ಏನು? ಇದು ಅಪ್ಪಟ ನಿಟ್ಟುವಳ್ಳಿ ಬ್ಲೂ."