ಬಾಯಿ ತೆರೆಯದ ಸಿದ್ಧರಾಮ

ಸಿದ್ಧರಾಮನ ಕಷ್ಟಕ್ಕೆಲ್ಲ ಮೂಲ ಅವನ ವಿನಯ. ಬಾಗೇವಾಡಿಯ ಸರಕಾರಿ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಜವಾನನಾಗಿದ್ದ ಅವನ ಬಾಯಿಂದ, ಮೇಲಿನವರು ಏನೇ ಅಂದರೂ, ಸಾಹೇಬರ ಮೇಜಿನ ಗಂಟೆಯಂತೆ ತಟ್ಟನೆ ಉತ್ತರ ಹೊರಡುತ್ತಿತ್ತು.

ಹೊಟ್ಟೆನೋವಿಗೆಂದು ಮಾಡಿಸಿದ ಸೋನೋಗ್ರಾಫಿಯಲ್ಲಿ ಯಕೃತ್ತಿನ ಮೇಲೊಂದು ನೆರಳು ಕಂಡಿತ್ತು. ಅದು ಕೆಟ್ಟ ಗಡ್ಡೆಯೋ ಅಲ್ಲವೋ ಎಂದು ತಿಳಿಯಲು, ನರಕ್ಕೆ ಔಷಧಿ ಬಿಟ್ಟು ಎಂ.ಆರ್.ಐ. ಮಾಡಬೇಕೆಂದರು. ರಜೆ ಸಿಕ್ಕಿದ್ದು ಒಂದೇ ದಿನ. ಗುಮಾಸ್ತ ದಿಲಾವರ, ಯಾರೂ ಕರೆಯದಿದ್ದರೂ, ಜೊತೆಗೆ ಹೊರಟ. ಮನಗೂಳಿ ದಾಟುವಷ್ಟರಲ್ಲಿ ಬಸ್ಸಿನವರಿಗೆಲ್ಲ ಆ ನೆರಳಿನ ಅಳತೆ ಗೊತ್ತಾಗಿತ್ತು.

ವಿಜಯಪುರದ ಆಸ್ಪತ್ರೆಯಲ್ಲಿ ನರ್ಸೊಬ್ಬಳು ಸಿದ್ಧರಾಮನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಯಂತ್ರದ ಸುರಂಗಕ್ಕೆ ತಳ್ಳಿದಳು. ಗಾಜಿನ ಕೋಣೆಯಲ್ಲಿ ಕುಳಿತಿದ್ದ ತಂತ್ರಜ್ಞೆ ವಿಜಯಶ್ರೀಯ ದನಿ ಕಿವಿಯೊಳಗೆ ಮೊಳಗಿತು.

“ಉಸಿರು ತಗೊಳ್ರಿ. ಹಂಗ ಬಿಗಿ ಹಿಡೀರಿ.”

“ಹಿಡಿದೇನ್ರಿ ಮೇಡಂ.”

ಚಿತ್ರ ಕದಡಿತು.

“ಕಾಕಾ, ಮಾತಾಡಬ್ಯಾಡ್ರಿ.”

“ಆಗ್ಲಿರಿ, ಮಾತಾಡಂಗಿಲ್ರಿ.”

“ಈಗ ಮಾತಾಡಿದ್ರಲ್ಲ.”

“ಹೌದ್ರಿ. ತಪ್ಪಾತ್ರಿ.”

ಐದನೆಯ ಸಲಕ್ಕೆ ವಿಜಯಶ್ರೀಯ ತಾಳ್ಮೆ ಮುಗಿಯಿತು. “ಇನ್ನ ಔಷಧಿ ಬಿಡ್ತೇನಿ. ಅದು ಒಂದ ಸಲ. ಈಗ ಕೆಡಿಸಿದ್ರ ಇವತ್ತ ಏನೂ ತಿಳಿಯಂಗಿಲ್ಲ. ನಾ ಹೇಳೂತನಕಾ ಬಾಯಿ ತೆರೀಬಾರ್ದು.”

ಚಿತ್ರಗಳು ಕನ್ನಡಿಯಂತೆ ಬಂದವು. ವಿಜಯಶ್ರೀ ಊಟಕ್ಕೆ ಹೋದಳು. ಬಾಯಿ ತೆರೆಯಲು ಹೇಳುವುದನ್ನು ಮರೆತಳು.

“ಗಾಬರಿ ಬ್ಯಾಡ್ರಿ,” ಎಂದರು ಡಾಕ್ಟರು, ತಮ್ಮ ಕೋಣೆಯಲ್ಲಿ ಸಿದ್ಧರಾಮನನ್ನೂ ದಿಲಾವರನನ್ನೂ ಎದುರಿಗೆ ಕೂರಿಸಿಕೊಂಡು. “ಅದು ಹುಟ್ಟಿನಿಂದ ಬಂದ ರಕ್ತನಾಳದ ಗಂಟು. ಅದಕ್ಕೇನೂ ಮಾಡೂದು ಬ್ಯಾಡ. ಸಮಾಧಾನ ಆತಿಲ್ಲೋ?”

ಸಿದ್ಧರಾಮನ ಕಣ್ಣು ತುಂಬಿದವು, ಬಾಯಿ ತೆರೆಯಲಿಲ್ಲ. ಒಬ್ಬರು ಕೊಟ್ಟ ಆದೇಶವನ್ನು ಅವರೇ ರದ್ದು ಮಾಡಬೇಕೆಂಬುದು ಕಚೇರಿಯ ನಿಯಮ. ಅವನು ಒಮ್ಮೆ ಬಾಯಿಯತ್ತ, ಒಮ್ಮೆ ಬಾಗಿಲಿನತ್ತ ಬೆರಳು ಮಾಡಿದ.

“ನಿಮ್ಮ ಹೆಸರೇನ್ರಿ?”

ಸಿದ್ಧರಾಮ ಮತ್ತೆ ಬಾಗಿಲಿನತ್ತ ಬೆರಳು ಮಾಡಿದ.

“ಮುಂಜಾನಿ ಚಲೋ ಮಾತಾಡಾಕತ್ತಿದ್ರಿ ಸರ್,” ಎಂದ ದಿಲಾವರ, ಸಹಾಯ ಮಾಡುವ ಉತ್ಸಾಹದಲ್ಲಿ. “ಈಗ ಬಾಯೀನೂ ಒಂದೀಟು ಸೊಟ್ಟ ಆದಂಗ ಕಾಣಸ್ತೈತಿ.”

ಡಾಕ್ಟರು ಎದ್ದು ನಿಂತರು. “ಸ್ಟ್ರೆಚರ್ ತರ್ರಿ. ತಲೀ ಸ್ಕ್ಯಾನ್ ಆಗ್ಬೇಕು, ಈಗಿಂದೀಗ.”

ತಲೆ ಎಂಬುದನ್ನು ಕೇಳಿದ್ದೇ, ಸಿದ್ಧರಾಮ ಜೀವಮಾನದಲ್ಲಿ ಮೊದಲ ಬಾರಿಗೆ ಆದೇಶ ಮುರಿದ.

“ನಂಗೇನೂ ಆಗಿಲ್ರಿ ಸಾಹೇಬ್ರ. ಬಾಯಿ ತೆರೀಬ್ಯಾಡ ಅಂದಿದ್ರು, ಅದಕ್ಕ ಸುಮ್ನಿದ್ದೆ.”

“ಯಾರು ಅಂದಿದ್ರು?”

“ಒಬ್ಬ ಮೇಡಂ. ಮುಖ ನೋಡಿಲ್ರಿ. ಕಿವ್ಯಾಗ ಅಷ್ಟ ಮಾತಾಡ್ತಿದ್ರು.”

ಡಾಕ್ಟರು ದಿಲಾವರನ ಮುಖ ನೋಡಿದರು. ದಿಲಾವರ ನಿಧಾನವಾಗಿ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ.

“ಈಗೂ ಅವರ ದನಿ ಕೇಳಸ್ತೈತೇನು?” ಡಾಕ್ಟರ ದನಿ ಬಹಳ ಮೃದುವಾಗಿತ್ತು.

“ಇಲ್ರಿ. ನಾ ಅವರ ಮಾತು ಮೀರೇನಿ. ಸಿಟ್ಟಾಗ್ತಾರೇನೋ.”

“ಆಗ್ಲಿ, ಆಗ್ಲಿ,” ಎನ್ನುತ್ತ ಡಾಕ್ಟರು, ಮೆದುಳಿನ ಸ್ಕ್ಯಾನಿಗೆಂದು ಬರೆದ ಚೀಟಿಯನ್ನು ಮತ್ತೆ ಎಳೆದುಕೊಂಡು, ಅದರ ಕೆಳಗೆ ಮನೋರೋಗ ತಜ್ಞರ ಹೆಸರನ್ನೂ ಸೇರಿಸಿದರು.

ಸ್ಟ್ರೆಚರ್ ಬಂತು. ಅದಕ್ಕೆ ಕೈಕಾಲು ಕಟ್ಟುವ ಪಟ್ಟಿಗಳೂ ಇದ್ದವು.