‘ಬರ್ರಿ’ ಅಂದ ತಪ್ಪಿಗೆ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಅಂದುಕೊಂಡ ಹಾಗೆ ಮುಗಿದದ್ದಿಲ್ಲ. ಗಣಪತಿ ತರಲು ಹೋಗಿ ವಾಷಿಂಗ್ ಮಷಿನ್ ತಂದವರು ನಾವು. ಇನ್ನು ಇಂಗ್ಲೆಂಡಿಗೆ ಹೊರಟರೆ ಏನೇನಾಗಬೇಡ!

ಒಲೆ ಹಚ್ಚದ ಊರು

ನನ್ನ ಹೆಂಡತಿ ಧಾರವಾಡದವಳು, ಪುಣೆಯ ಒಂದು ಬ್ಯಾಂಕಿನಲ್ಲಿ ಕೆಲಸ. ನಾನು ಭೋಸರಿಯ ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ತಪಾಸಣೆ ಮಾಡುವವನು. ಮದುವೆಯಾದಾಗಿನಿಂದ ಬೆಳಕು ಹರಿಯುವ ಮೊದಲೇ ಎದ್ದು ಒಲೆ ಹಚ್ಚುವವಳು ಅವಳು. ಈ ಸಲ ರಜೆಗೆ ಎಲ್ಲಿಗೆ ಹೋಗೋಣ ಎಂದು ಕೇಳಿದೆ. ಲೋನಾವಳಾ, ಬಹಳವಾದರೆ ಗೋವಾ ಅನ್ನುತ್ತಾಳೆ ಅಂದುಕೊಂಡಿದ್ದೆ.

“ಇಂಗ್ಲೆಂಡ್,” ಅಂದಳು. ಚಹಾ ನನ್ನ ನೆತ್ತಿಗೇರಿತು.

ಮೊಬೈಲಿನಲ್ಲಿ ಒಂದು ಹಳೆಯ ಊರು ತೋರಿಸಿದಳು. ಕಲ್ಲು ಹಾಸಿದ ಚೌಕ, ಅಲ್ಲಿ ನೂರಾರು ವರ್ಷಗಳಿಂದ ಕೂಡುತ್ತಿರುವ ವಾರದ ಸಂತೆ, ಪಕ್ಕದಲ್ಲೇ ಒಬ್ಬ ಹೆಂಗಸು ನಡೆಸುವ ವಸತಿಮನೆ.

“ಲಂಡನ್ ಬ್ಯಾಡ್ರಿ, ಇಲ್ಲೇ ಇರೂಣು. ಖೋಲಿ ಜೋಡಿ ನಾಷ್ಟಾನೂ ಕೊಡ್ತಾರಂತ. ಮುಂಜಾನೆ ಎದ್ದ ಕೂಡ್ಲೆ ಯಾರರ ಮಾಡಿ ನನ್ನ ಮುಂದ ತಂದಿಡಬೇಕು, ನಾ ಕುಂತು ತಿನಬೇಕು. ಒಮ್ಮೆ ಆದ್ರ ಸಾಕು.”

“ನಾಷ್ಟಾ ಬೇಕಂದ್ರ ಕೆಳಗ ಹೋಟೆಲ್ ಅದ ಅಲ್ಲ?”

“ಅಲ್ಲಿ ಸೆಲ್ಫ್ ಸರ್ವಿಸ್ ರೀ. ನಿಮ್ಮ ತಾಟೂ ನಾನೇ ಎತ್ಕೊಂಡು ಬರ್ತೀನಿ.”

ಸಂತೆಯೋ, ದವಾಖಾನೆಯೋ

ಪಕ್ಕದ ಮನೆಯ ಮರಾಠಿ ಕಾಕಾಗೆ ಸುದ್ದಿ ಮುಟ್ಟಿತು. “ಬಾಜಾರ್ ಬಘಾಯಲಾ ಇಂಗ್ಲಂಡ್?” ಎಂದು ಚೀರಿದರು. ಸಂತೆ ನೋಡಲು ಇಂಗ್ಲೆಂಡಿಗೇ ಹೋಗಬೇಕೆ, ನಮ್ಮ ಶಿರೂರಿನ ಸಂತೆಗೆ ಏನಾಗಿದೆ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಚಹಾಕ್ಕೆ ವಾಪಸ್, ವೀಸಾ ಕೂಡ ಬೇಡ ಎಂದು ಮರಾಠಿಯಲ್ಲಿ ತಿಳಿಹೇಳಿದರು.

ಹೆಂಡತಿ ಆ ಸಂತೆಯ ವಿಡಿಯೋ ಹಾಕಿದಳು. ಕಾಕಾ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು. ಜನ ಸಾಲಾಗಿ ನಿಂತಿದ್ದರು. ಯಾರೂ ಬದನೆಕಾಯಿ ಒತ್ತಿ ನೋಡುತ್ತಿರಲಿಲ್ಲ, ಚೌಕಾಸಿ ಇಲ್ಲ, ಕೂಗಾಟ ಇಲ್ಲ. ಕೊಂಡವರು ಥ್ಯಾಂಕ್ಸ್ ಹೇಳಿ ಮೆಲ್ಲಗೆ ಹೋಗುತ್ತಿದ್ದರು. ಕಾಕಾರ ಮುಖವೇ ಕಳೆಗುಂದಿತು.

“ಹಾ ಬಾಜಾರ್ ಆಹೇ ಕೀ ದವಾಖಾನಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಎದ್ದು ಹೋದರು.

ಓರೆ ನೆಲ

ಕೋಣೆ ಬೇಕೆಂದು ಬರೆದದ್ದಕ್ಕೆ ವಸತಿಮನೆಯ ಮಾಲಕಿ ಮೇಲ್ ಕಳಿಸಿದಳು: ಮನೆ ನಾನೂರು ವರ್ಷ ಹಳೆಯದು, ನಿಮ್ಮ ಕೋಣೆಯ ನೆಲ ಒಂದು ಕಡೆಗೆ ವಾಲಿದೆ, ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ತೊಲೆ ತಲೆಗೆ ಬಡಿಯುತ್ತದೆ, ಅತಿಥಿಗಳು ಇದನ್ನೆಲ್ಲ ಬಹಳ ಇಷ್ಟಪಡುತ್ತಾರೆ.

ನಾನು ಹೌಹಾರಿದೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ವಾಪಸ್ ಕಳಿಸುವವನು ನಾನು. ನೆಲ ಎಷ್ಟು ವಾಲಿದೆ, ಯಾವ ದಿಕ್ಕಿಗೆ, ಮಂಚದ ಕಾಲಿಗೆ ಏನು ಆಧಾರ ಕೊಟ್ಟಿದ್ದೀರಿ ಎಂದು ಉತ್ತರ ಬರೆದೆ. ನಾಲ್ಕೂ ಕಾಲಿಗೆ ಬೇರೆ ಬೇರೆ ದಪ್ಪದ ಮರದ ತುಂಡು ಇಟ್ಟಿದ್ದೇವೆ ಎಂದು ಆಕೆ ಹೆಮ್ಮೆಯಿಂದ ಫೋಟೊ ಕಳಿಸಿದಳು. ಆ ರಾತ್ರಿ ನನಗೆ ನಿದ್ದೆಯಿಲ್ಲ. ಬೆಳಿಗ್ಗೆ ಸೂಟ್‌ಕೇಸಿನಲ್ಲಿ ಮಟ್ಟ ನೋಡುವ ಸಾಧನ ಇಡುತ್ತಿದ್ದಾಗ ಹೆಂಡತಿಯ ಕೈಗೆ ಸಿಕ್ಕಿಬಿದ್ದೆ.

“ನಿಮ್ಮನ್ನ ಕರ್ಕೊಂಡು ಹೋದ್ರ ಇಡೀ ಊರನ್ನ ರಿಜೆಕ್ಟ್ ಮಾಡಿ ಬರ್ತೀರಿ!” ಅಂದಳು.

ಬಾಯುಪಚಾರ

ಮುಂಗಡ ಕಟ್ಟಿದೆವು, ವೀಸಾ ಬಂತು. ಮಾಲಕಿಯನ್ನೊಮ್ಮೆ ವಿಡಿಯೋ ಕಾಲಿನಲ್ಲಿ ಮಾತಾಡಿಸೋಣ ಎಂದು ಹೆಂಡತಿ ಕೂತಳು.

“ನಾಷ್ಟಾ ತಗೊಳ್ಳಲು ನಾನು ಅಡುಗೆಮನೆಗೆ ಬರಬೇಕೆ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಬೇಡವೇ ಬೇಡ. ನೀವು ಕೂತಿರಿ, ನಾನು ತರುತ್ತೇನೆ.”

ಹೆಂಡತಿಯ ಕಣ್ಣು ತುಂಬಿ ಬಂತು. ಖುಷಿಯಲ್ಲಿ ನಮ್ಮ ಕಡೆಯ ರೂಢಿಯಂತೆ ಅಂದೇಬಿಟ್ಟಳು: “ನೀವೂ ಪುಣೆಗೆ ಬನ್ನಿ, ನಮ್ಮ ಮನೆಯಲ್ಲೇ ಇರಬೇಕು, ತಪ್ಪಿಸಬಾರದು!”

ನಮ್ಮಲ್ಲಿ ಹೀಗೆ ಹೇಳದೆ ಫೋನ್ ಇಡುವವರು ಯಾರಿದ್ದಾರೆ? ಹಾಗಂತ ಯಾರೂ ಬರುವುದಿಲ್ಲ. ಅನ್ನುವವರಿಗೂ ಗೊತ್ತು, ಅನ್ನಿಸಿಕೊಳ್ಳುವವರಿಗೂ ಗೊತ್ತು. ಇಂಗ್ಲೆಂಡಿನವಳಿಗೆ ಗೊತ್ತಿರಲಿಲ್ಲ.

ಹೊರಡಲು ಕೆಲವೇ ದಿನ ಇದ್ದಾಗ ಆಕೆಯ ಮೇಲ್ ಬಂತು. ಚಾವಣಿ ಕುಸಿಯುವಂತಿದೆ, ದುರಸ್ತಿಗೆ ಮನೆ ಮುಚ್ಚಬೇಕಾಗಿದೆ, ನಿಮ್ಮ ಹಣ ವಾಪಸ್ ಕಳಿಸಿದ್ದೇನೆ. ಅಷ್ಟು ದಿನ ಎಲ್ಲಿರಲಿ ಎಂದು ಯೋಚಿಸುತ್ತಿದ್ದಾಗ ನಿಮ್ಮ ಪ್ರೀತಿಯ ಕರೆ ನೆನಪಾಯಿತು. ಪುಣೆಗೆ ಟಿಕೆಟ್ ತೆಗೆದಿದ್ದೇನೆ.

ಹೆಂಡತಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

“ಹಾಂಗಂದ್ರ ನಾಷ್ಟಾ?” ಅಂದೆ.

“ಇನ್ನೇನ್ರಿ, ಮತ್ತೊಂದು ತಾಟು ಹೆಚ್ಚಾತು,” ಅಂದಳು. ಅವಳಿಗೆ ಅಳು ಬಂದಿತ್ತು.

ನೋಡೂಣಂತ್ರೀ

ನಮ್ಮ ಟಿಕೆಟ್ ರದ್ದು ಮಾಡಿದೆವು. ಮಾಲಕಿ ಬಂದಳು. ಮರುದಿನ ಹೆಂಡತಿ ಎಂದಿನಂತೆ ಕತ್ತಲಲ್ಲೇ ಎದ್ದು ಅಡುಗೆಮನೆಗೆ ಹೋದವಳು ಕಿಟಾರನೆ ಕಿರುಚಿದಳು. ನಾನು ಬಿದ್ದಂಬೀಳ ಓಡಿದೆ. ಒಳಗೆ ಆಗಲೇ ದೀಪ ಹತ್ತಿತ್ತು, ಮಾಲಕಿ ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ನಿಂತು ಆಲೂಗಡ್ಡೆ ಹುರಿಯುತ್ತಿದ್ದಳು. ಬೆಳಗಾದರೆ ನಾಷ್ಟಾ ಮಾಡಿ ರೂಢಿಯಾದ ಕೈ, ಸುಮ್ಮನೆ ಇರಲಾಗಲಿಲ್ಲವಂತೆ.

“ನೀವು ಕೂತಿರಿ, ನಾನು ತರುತ್ತೇನೆ,” ಅಂದಳು.

ಹೆಂಡತಿ ಕೂತಳು. ತಾಟು ಬಂತು. ಉಪ್ಪಿಲ್ಲ, ಖಾರವಿಲ್ಲ. ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು, ಕಣ್ಣೊರೆಸಿಕೊಳ್ಳುತ್ತ, ಒಂದು ಚೂರೂ ಬಿಡದೆ ತಿಂದಳು. ಎರಡು ವಾರ ಇದೇ ನಡೆಯಿತು. ವಾಲದ ನೆಲದ ಮೇಲೆ ಅಷ್ಟು ನೆಮ್ಮದಿಯ ರಜೆಯನ್ನು ನಾನೂ ಕಂಡಿರಲಿಲ್ಲ.

ಸಂಜೆ ಹೊತ್ತು ಹೆಂಡತಿ ಆಕೆಯನ್ನು ಪುಣೆಯಲ್ಲಿರುವ ನಮ್ಮ ಕಡೆಯವರ ಮನೆಗಳಿಗೆಲ್ಲ ಕರೆದೊಯ್ದಳು. ಎಲ್ಲರೂ ತಪ್ಪದೆ “ಮತ್ತ ಬರ್ರಿ, ನಾಕು ದಿನ ಇರಾಕ ಬರ್ರಿ” ಅಂದರು. ಹೆಂಡತಿ ಅದರ ಅರ್ಥ ಹೇಳಿದ್ದೇ ತಡ, ಮಾಲಕಿ ತಟ್ಟನೆ ಮೊಬೈಲ್ ತೆಗೆದು ಯಾವ ತಾರೀಖು ಎಂದು ಕೇಳುವಳು. ಅವರು ಬೆಚ್ಚಿಬಿದ್ದು, ಸೆರಗು ಸರಿಮಾಡಿಕೊಂಡು, ಎತ್ತಲೋ ನೋಡುತ್ತ “ನೋಡೂಣಂತ್ರೀ” ಅನ್ನುವರು. ಮನೆ ಮನೆಯಲ್ಲೂ ಹೀಗೇ ಆಯಿತು. ಬರಬರುತ್ತ ಆಕೆ ಕೇಳುವುದನ್ನೇ ಬಿಟ್ಟಳು.

ಹೊರಡುವ ದಿನ ಕೆಳಗೆ ಟ್ಯಾಕ್ಸಿ ಬಂತು. ಮಾಲಕಿ ಹೆಂಡತಿಯನ್ನು ತಬ್ಬಿಕೊಂಡು, ಕೈಮುಗಿದು, ಆ ಮನೆಗಳಲ್ಲಿ ಕೇಳಿ ಕಲಿತ ಕನ್ನಡದಲ್ಲಿ ಅಂದಳು: “ನೀವೂ ನಮ್ಮೂರಿಗೆ ಬರ್ರಿ. ನಮ್ಮನ್ಯಾಗ ಇರ್ರಿ. ತಪ್ಪಸಬ್ಯಾಡ್ರಿ!”

ಹೆಂಡತಿ ಹಿಗ್ಗಿಹೋದಳು. “ಯಾವಾಗ ಬರೂಣ್ರಿ?” ಎಂದು ಕೇಳಿದಳು.

ಮಾಲಕಿ ಮುಚ್ಚಿದ್ದ ಚೀಲದ ಜಿಪ್ಪನ್ನು ಒಮ್ಮೆ ತೆಗೆದಳು, ಒಮ್ಮೆ ಹಾಕಿದಳು. ಆಮೇಲೆ ಟ್ಯಾಕ್ಸಿಯ ಕಡೆ ನೋಡುತ್ತ ಅಂದಳು: “ನೋಡೂಣಂತ್ರೀ.”