ರಟ್ಟಿನ ಮೇಲಿನ ಹನಿ

ನನ್ನ ಕಾರಿನ ಎಂಜಿನ್ನಿಗೆ ನಾನೇ ವೈದ್ಯ! ಹೀಗೆಂದು ಗುಡುಗಿದಾಗ ಕೇಳಲು ಮನೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಕಾಲು ಮುರಿದುಕೊಂಡ ತನ್ನ ಅಕ್ಕನ ಆರೈಕೆಗೆಂದು ಹೆಂಡತಿ ಹೋಗಿದ್ದಳು. ಹೋಗುವ ದಾರಿಯಲ್ಲೇ ನಮ್ಮ ರಥ ಎಂಜಿನ್ ತಂಪಾಗಿಡುವ ಕೂಲಂಟ್ ಸೋರಿ, ಕುದ್ದು, ಹಬೆಯೆಬ್ಬಿಸಿ, ಅವಳನ್ನು ರಸ್ತೆ ಬದಿಯಲ್ಲಿ ಸೂಟ್‌ಕೇಸಿನ ಮೇಲೆ ಕೂರಿಸಿತ್ತು. ಅಂದೇ ಆಜ್ಞೆ ಹೊರಟಿತು: "ಅಕ್ಕ ಓಡಾಡೋ ಹಾಗಾದ್ಮೇಲೆ ನನ್ನನ್ನ ಕರ್ಕೊಂಡು ಹೋಗೋಕೆ ಬನ್ನಿ. ಆದ್ರೆ ಒಂದು ಹನಿ ಸೋರಿದ್ರೂ ಆ ಕಾರು ನಾನು ಹತ್ತಲ್ಲ."

ಬಿರುಕು ಬಿಟ್ಟಿದ್ದ ರಬ್ಬರ್ ಪೈಪನ್ನು ನಾನೇ ಬದಲಾಯಿಸಿದೆ. ಪರೀಕ್ಷೆಗೆಂದು ಎಂಜಿನ್ನಿನ ಕೆಳಗೆ ಹಳೇ ಫ್ರಿಜ್ಜಿನ ರಟ್ಟು ಹಾಸಿದೆ. ಬೆಳಿಗ್ಗೆ ನೋಡಿದರೆ ರಟ್ಟು ಒದ್ದೆ! ಕ್ಲಿಪ್ಪು ಬಿಗಿದೆ. ಮರುದಿನವೂ ಒದ್ದೆ. ಕೊನೆಗೆ ರೇಡಿಯೇಟರಿನ ಬಾಯಿಗೆ ಒತ್ತಡ ಅಳೆಯುವ ಕೈಪಂಪು ಸಿಕ್ಕಿಸಿ, ಗಾಳಿ ತುಂಬಿ, ಮುಳ್ಳಿನೆದುರು ಕುರ್ಚಿ ಹಾಕಿಕೊಂಡು ಕೂತೆ. ಸೋರಿಕೆಯಿದ್ದರೆ ಮುಳ್ಳು ಇಳಿಯಬೇಕು. ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೂಲಂಟ್ ಡಬ್ಬಿಯ ಮಟ್ಟವೂ ಕೂದಲೆಳೆಯಷ್ಟು ಇಳಿದಿರಲಿಲ್ಲ. ಆದರೂ ರಟ್ಟು ಒದ್ದೆ. ನನಗೆ ಬುದ್ಧಿ ಬರಲಿಲ್ಲ, ಇನ್ನೊಂದು ಕ್ಲಿಪ್ಪು ಬಂತು.

ಅಷ್ಟರಲ್ಲಿ ಅಕ್ಕ ಕೋಲೂರಿ ಅಡುಗೆಮನೆವರೆಗೆ ನಡೆಯತೊಡಗಿದ್ದರು. ಇಲ್ಲಿ ನಾನು ಒಂದೇ ತಟ್ಟೆ, ಒಂದೇ ಲೋಟ ತೊಳೆದು ಅವನ್ನೇ ಮತ್ತೆ ಬಳಸುತ್ತಿದ್ದೆ. ಮನೆ ಬಿಕೋ ಅನ್ನುತ್ತಿತ್ತು. ಯಾವ ಕೋಣೆಗೆ ಹೋದರೂ ನನ್ನ ಕೆಮ್ಮು ನನಗೇ ಕೇಳುತ್ತಿತ್ತು. ಸಂಜೆ ಫೋನಿನಲ್ಲಿ ಅವಳಿಗೆ ರಟ್ಟಿನ ವರದಿ ಒಪ್ಪಿಸುವ ಹೊತ್ತಿಗಾಗಿಯೇ ಬೆಳಗಿನಿಂದ ಕಾಯುತ್ತಿದ್ದೆ.

ಆ ಸಂಜೆಯೂ ಒಪ್ಪಿಸಿದೆ.

"ಇವತ್ತೂ ಒದ್ದೆ ಕಣೇ."

"ನೀವು ಹಾಕಿರೋ ಕೂಲಂಟ್ ಯಾವ ಬಣ್ಣ?"

"ಹಸಿರು."

"ರಟ್ಟಿನ ಮೇಲಿರೋದು?"

"ಬಣ್ಣ ಗಿಣ್ಣ ಏನಿಲ್ಲ. ನೀರಿನ ಹಾಗಿದೆ."

"ಅದೇನು ಬುಸ್ ಅಂತ ಸದ್ದು? ಎಲ್ಲಿದೀರಿ ಈಗ?"

"ಗೇಟಿನ ಮುಂದೆ. ಕಾರಲ್ಲಿ."

"ಎಸಿ ಹಾಕ್ಕೊಂಡು?"

"ಸೆಖೆ ಅಲ್ವಾ."

"ದಿನಾ ಅಲ್ಲೇ ಕೂತು ಮಾತಾಡ್ತೀರಾ?"

"ಹೂಂ."

"ಅದು ಎಸಿ ನೀರು, ಮಹಾನುಭಾವರೇ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ವೈದ್ಯ ನಾನು!

"ಮನೇಲಿ ಕುರ್ಚಿ ಇರ್ಲಿಲ್ವಾ?" ಎಂದಳು.

ಏನಾದರೊಂದು ನೆಪ ಹೇಳಬಹುದಿತ್ತು. ಹೊಳೆಯಲಿಲ್ಲ. "ಮನೇಲಿ ನಿನ್ನ ಮಾತು ಫೋನಿಂದ ಬರುತ್ತೆ. ಇಲ್ಲಿ ಕಾರಿನ ಸ್ಪೀಕರಿಂದ. ನನ್ನ ಕಡೇದು ಕೆಟ್ಟಿದೆ, ನಿನ್ನ ಸೀಟಿನ ಕಡೆಯಿಂದ ಮಾತ್ರ ಕೇಳುತ್ತೆ. ನೀನು ಪಕ್ಕದಲ್ಲೇ ಕೂತಿದೀಯ ಅನ್ಸುತ್ತೆ."

ಅವಳು ಮೆಲ್ಲಗೆ, "ಬೆಳಿಗ್ಗೆ ಬಂದು ಕರ್ಕೊಂಡು ಹೋಗಿ" ಎಂದಳು.

"ಬೆಳಿಗ್ಗೆ ಯಾಕೆ? ಇಗೋ, ಈಗಲೇ ಹೊರಟೆ!" ಎಂದು ವೀರನ ಹಾಗೆ ಗೇರ್ ಹಾಕಿದೆ. ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

"ಏನಾಯ್ತು? ಮತ್ತೆ ಸೋರ್ತಾ?"

"ಇಲ್ಲ. ಪೆಟ್ರೋಲ್ ಖಾಲಿ."

ಇಡೀ ಟ್ಯಾಂಕನ್ನು ನಾನು ಗೇಟಿನ ಮುಂದೆಯೇ ಮಾತಾಡಿ ಮುಗಿಸಿದ್ದೆ.

"ಬಸ್ಸಲ್ಲಿ ನಾನೇ ಬರ್ತೀನಿ" ಎಂದಳು. "ನೀವು ಇಳಿದು ಒಳಗೆ ಹೋಗಿ, ನನ್ನ ತಟ್ಟೆ ತೊಳೆದಿಡಿ. ಧೂಳು ಹಿಡಿದಿರುತ್ತೆ."